ದೊಡ್ಡವ್ವನ ಹಾಲು, ನನ್ನ ಚಾರ್ಟು

ನಮ್ಮೂರ ಹಾಲಿನ ಡೈರಿಯ ವಾರ್ಷಿಕ ಸಭೆ ಅಂದರೆ ಊರಿಗೇ ಒಂದು ಸಣ್ಣ ಹಬ್ಬ. ಶಾಮಿಯಾನ, ಬಾಡಿಗೆ ಕುರ್ಚಿ, ಕೊನೆಯಲ್ಲಿ ಪಲಾವು, ಮೊಸರುಬಜ್ಜಿ. ಹೋದ ವರ್ಷ ಆ ಸಭೆಯಲ್ಲಿ ನನಗೂ ಒಂದು ಕೆಲಸ ಬಿತ್ತು. ನಮ್ಮ ಡೈರಿಯ ಹಾಲಿನಲ್ಲಿ ಫ್ಯಾಟ್ ಇಳಿದಿದೆ ಎಂದು ಮೇಲಿನಿಂದ ಪತ್ರ ಬಂದಿತ್ತು. ಸೆಕ್ರೆಟರಿ ಮಾವ ನನ್ನನ್ನು ಕರೆದು, ‘ಬಿ.ಕಾಂ. ಓದ್ತಾ ಇದ್ದೀಯ, ಕಂಪ್ಯೂಟರ್ ಬೇರೆ ಕಲ್ತಿದ್ದೀಯ. ಯಾರ ಹಾಲು ಹೆಂಗೈತೆ ಅಂತ ಒಂದು ಬಣ್ಣದ ಚಾರ್ಟ್ ಮಾಡ್ಕೊಡವ್ವ, ಪರದೆ ಮೇಲೆ ತೋರಿಸಿಬಿಡಾನ’ ಎಂದರು.

ನಾನು ಉಬ್ಬಿಹೋದೆ. ಎಕ್ಸೆಲ್‌ನಲ್ಲಿ ಸಿಗುವ ಎಲ್ಲ ಅಲಂಕಾರವನ್ನೂ ಬಳಸಿದೆ. ತ್ರೀಡಿ ಕಂಬಗಳು, ನೆರಳು, ಕೆಂಪಿನಿಂದ ಹಸಿರಿಗೆ ತಿರುಗುವ ಬಣ್ಣ, ಪ್ರತಿ ಕಂಬದ ಕೆಳಗೆ ಹಾಲು ಹಾಕುವವರ ಹೆಸರು. ಪರದೆ ಮೇಲೆ ಅದು ಮೂಡಿದಾಗ ಹುಡುಗರು ಶಿಳ್ಳೆ ಹೊಡೆದರು.

ಆ ಸಾಲಿನಲ್ಲಿ ಎಲ್ಲಕ್ಕಿಂತ ಗಿಡ್ಡ, ಎಲ್ಲಕ್ಕಿಂತ ಕೆಂಪು ಕಂಬ ಊರಿನವರೆಲ್ಲ ದೊಡ್ಡವ್ವ ಎಂದು ಕರೆಯುವ ಒಬ್ಬ ಹಿರಿಯ ಹೆಂಗಸಿನದು. ಎರಡು ಹಸು ಕಟ್ಟಿಕೊಂಡು ಬದುಕುವ ಜೀವ. ಹಿಂದಿನ ಸಾಲಿನಿಂದ ಯಾರೋ ‘ನೀರು ಬೆರೆಸಿದ್ರೆ ಫ್ಯಾಟ್ ಎಲ್ಲಿಂದ ಬಂದಾತು?’ ಎಂದರು. ಒಂದಷ್ಟು ಜನ ನಕ್ಕರು. ದೊಡ್ಡವ್ವ ಏನೂ ಹೇಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಊಟಕ್ಕೆ ನಿಲ್ಲಲಿಲ್ಲ. ಮಾರನೇ ದಿನ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಅವರ ಕ್ಯಾನು ಇರಲಿಲ್ಲ. ಅದರ ಮಾರನೇ ದಿನವೂ ಇರಲಿಲ್ಲ.

ಅವ್ವ ಒಂದೇ ಮಾತು ಕೇಳಿದಳು: ‘ಆ ಪಟ ಮಾಡಿದ್ದು ನೀನೇ ಅಲ್ವಾ?’

ಅವತ್ತು ರಾತ್ರಿ ಮತ್ತೆ ಲ್ಯಾಪ್‌ಟಾಪ್ ತೆಗೆದೆ. ಆಮೇಲೆ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಪ್ರಾಜೆಕ್ಟ್‌ಗೋ, ಕೆಲಸದ ಪ್ರೆಸೆಂಟೇಶನ್‌ಗೋ ಚಾರ್ಟ್ ಮಾಡುವ ನನ್ನ ವಾರಿಗೆಯವರಿಗೆ ಉಪಯೋಗಕ್ಕೆ ಬರಬಹುದು.

ಮೂರು ತಪ್ಪುಗಳು

ಮೊದಲ ತಪ್ಪು, ತ್ರೀಡಿ. ನನ್ನ ಕಂಬಗಳಿಗೆ ಉದ್ದ, ಅಗಲ, ಆಳ ಮೂರೂ ಇದ್ದವು. ಆದರೆ ಅವು ಹೇಳುತ್ತಿದ್ದ ಸಂಗತಿ ಒಂದೇ: ಮನೆಗೊಂದು ಫ್ಯಾಟ್ ಅಂಕಿ. ಆಳಕ್ಕೆ ಅರ್ಥವೇ ಇರಲಿಲ್ಲ. ಓರೆಯಾಗಿ ನಿಂತ ಕಂಬದ ತುದಿ ಯಾವ ಗೆರೆಗೆ ತಾಗುತ್ತಿದೆ ಎಂದು ಕಣ್ಣಿಗೆ ತಿಳಿಯುವುದೂ ಇಲ್ಲ. 1984ರಲ್ಲಿ ಅಮೆರಿಕದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಜನ ಚಾರ್ಟನ್ನು ಹೇಗೆ ಓದುತ್ತಾರೆಂದು ಪರೀಕ್ಷಿಸಿ ನೋಡಿದ್ದರು. ಒಂದೇ ಅಳತೆಗೋಲಿನ ಮೇಲೆ ಚುಕ್ಕಿ ಎಲ್ಲಿದೆ ಎಂಬುದನ್ನು ಕಣ್ಣು ಹೆಚ್ಚು ಸರಿಯಾಗಿ ಅಳೆಯುತ್ತದೆ. ಆಮೇಲಿನದು ಉದ್ದ. ಕೋನ, ವಿಸ್ತೀರ್ಣ, ಗಾತ್ರ, ಬಣ್ಣದ ಗಾಢತೆ ಎಂದು ಹೋದಂತೆ ನಮ್ಮ ಅಂದಾಜು ಕೆಡುತ್ತಾ ಹೋಗುತ್ತದೆ.

ಎರಡನೇ ತಪ್ಪು, ವ್ಯತ್ಯಾಸ ಎದ್ದು ಕಾಣಲಿ ಎಂದು ಕಂಬದ ಅಳತೆಯನ್ನು ಸೊನ್ನೆಯ ಬದಲು 3ರಿಂದ ಶುರು ಮಾಡಿದ್ದು. ಹಾಗೆ ಮಾಡಿದರೆ 4.0 ಫ್ಯಾಟ್ ಇರುವ ಕಂಬದ ಪಕ್ಕ 3.2 ಇರುವ ಕಂಬ ಐದನೇ ಒಂದು ಭಾಗದಷ್ಟು ಮಾತ್ರ ಎತ್ತರ ಇರುತ್ತದೆ. ನಿಜವಾದ ವ್ಯತ್ಯಾಸ ಐದನೇ ಒಂದು ಭಾಗ ಕಡಿಮೆ, ಅಷ್ಟೇ. ಕಂಬದ ಚಾರ್ಟಿನಲ್ಲಿ ಉದ್ದವೇ ಮಾತನಾಡುವುದರಿಂದ ಅದನ್ನು ಸೊನ್ನೆಯಿಂದಲೇ ಶುರು ಮಾಡಬೇಕು.

ಮೂರನೇ ತಪ್ಪು, ಸರಾಸರಿ. ಒಂದು ಹಸು ಬೆಳಿಗ್ಗೆ 3.2 ಫ್ಯಾಟಿನ 8 ಲೀಟರ್, ಸಂಜೆ 4.4 ಫ್ಯಾಟಿನ 4 ಲೀಟರ್ ಕೊಡುತ್ತದೆ ಎನ್ನೋಣ. ಎರಡು ಅಂಕಿ ಕೂಡಿಸಿ ಎರಡರಿಂದ ಭಾಗಿಸಿದರೆ 3.8. ಆದರೆ ಎರಡೂ ಹೊತ್ತಿನ ಹಾಲನ್ನು ಒಂದೇ ಕ್ಯಾನಿಗೆ ಸುರಿದು ಅಳೆದರೆ ಬರುವುದು 3.6. ಲೀಟರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸರಾಸರಿ ಯಾರನ್ನೋ ಮೇಲೆತ್ತುತ್ತದೆ, ಯಾರನ್ನೋ ಕೆಳಗಿಳಿಸುತ್ತದೆ.

ಆಯಾಮ ಅಂದರೆ ಇನ್ನೇನಲ್ಲ, ಒಂದು ಕಾಲಂ

ಡೈರಿಯ ಕಂಪ್ಯೂಟರಿನಲ್ಲಿ ಪ್ರತಿ ಸಾಲಿಗೂ ಇಷ್ಟು ವಿವರ ಇತ್ತು: ಸದಸ್ಯರ ನಂಬರು, ತಾರೀಕು, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು. ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು, ನೀರು ಬಿಟ್ಟು ಉಳಿಯುವ ಪ್ರೋಟೀನು, ಹಾಲುಸಕ್ಕರೆ, ಖನಿಜ ಇತ್ಯಾದಿ ಗಟ್ಟಿ ಅಂಶ. ಆರು ಕಾಲಂ ಇಟ್ಟುಕೊಂಡು ನಾನು ಐದನ್ನು ಬಿಸಾಡಿ ಒಂದನ್ನು ಮಾತ್ರ ಪರದೆ ಮೇಲೆ ಹಾಕಿದ್ದೆ. ಬಹು ಆಯಾಮದ ಚಾರ್ಟ್ ಎಂದರೆ ಕಂಬಕ್ಕೆ ಆಳ ಕೊಡುವುದಲ್ಲ. ಬೇರೆ ಬೇರೆ ಕಾಲಂಗಳನ್ನು ಒಂದೇ ನೋಟದಲ್ಲಿ ಕಾಣುವಂತೆ ಮಾಡುವುದು.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ. ಕಂಬದ ಚಾರ್ಟನ್ನು ರೂಢಿಗೆ ತಂದ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1801ರಲ್ಲೇ ಯುರೋಪಿನ ದೇಶಗಳನ್ನು ವೃತ್ತಗಳಾಗಿ ಬಿಡಿಸಿದ್ದ. ವೃತ್ತದ ವಿಸ್ತೀರ್ಣ ದೇಶದ ವಿಸ್ತೀರ್ಣ, ಎಡಗಡೆಯ ಗೆರೆ ಜನಸಂಖ್ಯೆ, ಬಲಗಡೆಯ ಗೆರೆ ತೆರಿಗೆಯ ಆದಾಯ. ಫ್ರಾನ್ಸಿನ ಎಂಜಿನಿಯರ್ ಷಾರ್ಲ್ ಮಿನಾರ್ 1869ರಲ್ಲಿ, ನೆಪೋಲಿಯನ್ 1812ರಲ್ಲಿ ರಷ್ಯಾದ ಮೇಲೆ ದಂಡೆತ್ತಿ ಹೋದ ಕಥೆಯನ್ನು ಒಂದೇ ಹಾಳೆಯಲ್ಲಿ ಹೇಳಿದ. ಪಟ್ಟಿಯ ಅಗಲವೇ ಸೈನಿಕರ ಸಂಖ್ಯೆ. ಹೋಗುವಾಗ 4,22,000, ವಾಪಸು ಬರುವಾಗ 10,000. ಎಲ್ಲಿದ್ದರು, ಯಾವ ದಿಕ್ಕಿಗೆ ನಡೆದರು, ಚಳಿ ಎಷ್ಟಿತ್ತು ಎಲ್ಲವೂ ಅದೇ ಹಾಳೆಯಲ್ಲಿವೆ. ಆ ಪಟ್ಟಿ ಸಣ್ಣಗಾಗುತ್ತಾ ಹೋಗುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನನಗೆ ಹೆಚ್ಚು ನೆರವಾಗಿದ್ದು ಸ್ವೀಡನ್ನಿನ ವೈದ್ಯ ಹ್ಯಾನ್ಸ್ ರೋಸ್ಲಿಂಗ್. 2006ರ ಟೆಡ್ ಭಾಷಣದಲ್ಲಿ ಅವರು ದೇಶಗಳನ್ನು ಗುಳ್ಳೆಗಳನ್ನಾಗಿ ಮಾಡಿ ಓಡಿಸಿದ ವಿಡಿಯೊವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಡ್ಡಕ್ಕೆ ಒಬ್ಬ ತಾಯಿಗೆ ಎಷ್ಟು ಮಕ್ಕಳು, ನೇರಕ್ಕೆ ಸರಾಸರಿ ಆಯಸ್ಸು, ಗುಳ್ಳೆಯ ದಪ್ಪ ಜನಸಂಖ್ಯೆ, ಬಣ್ಣ ಖಂಡ, ಓಟ ವರ್ಷಗಳದ್ದು. ಒಟ್ಟು ಐದು ಆಯಾಮ. ಈ ರೋಸ್ಲಿಂಗ್‌ಗೆ ನಮ್ಮ ನಂಟೂ ಉಂಟು. 1972ರಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದಾಗ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ್ದರು. ತರಗತಿಯಲ್ಲಿ ತಾನೇ ಮುಂದಿರುತ್ತೇನೆ ಎಂದುಕೊಂಡು ಬಂದವರಿಗೆ, ಒಂದು ಎಕ್ಸ್‌ರೇ ನೋಡಿ ಇಲ್ಲಿನ ವಿದ್ಯಾರ್ಥಿಗಳು ಕೊಟ್ಟ ಉತ್ತರ ಕೇಳಿ ಬೆರಗಾಯಿತಂತೆ. 2009ರಲ್ಲಿ ಮೈಸೂರಿನಲ್ಲಿ ನಡೆದ ಟೆಡ್ ಇಂಡಿಯಾದಲ್ಲೂ ಇದೇ ಗುಳ್ಳೆಗಳನ್ನು ತೋರಿಸಿ, ತಲಾ ಆದಾಯದಲ್ಲಿ ಭಾರತ ಮತ್ತು ಚೀನಾ ಅಮೆರಿಕವನ್ನು ಸರಿಗಟ್ಟುವ ದಿನ 2048ರ ಜುಲೈ 27 ಎಂದು ಹೇಳಿದ್ದರು. ಅದು ಅವರ ನೂರನೇ ಹುಟ್ಟುಹಬ್ಬದ ದಿನ. 2017ರಲ್ಲಿ ಅವರು ತೀರಿಕೊಂಡರು.

ದೇಶಗಳ ಜಾಗದಲ್ಲಿ ನಮ್ಮೂರ ಮನೆಗಳನ್ನು ಇಟ್ಟರೆ ಹೇಗೆ ಅನ್ನಿಸಿತು.

ಗುಳ್ಳೆ ಚಾರ್ಟ್ ಮಾಡಿದ ಬಗೆ

ಸೆಕ್ರೆಟರಿ ಮಾವನ ಒಪ್ಪಿಗೆ ಪಡೆದು ಆರು ತಿಂಗಳ ದಾಖಲೆ ತಂದೆ. ಅರವತ್ತು ಮನೆ, ದಿನಕ್ಕೆ ಎರಡು ಹೊತ್ತು ಅಂದರೆ ಇಪ್ಪತ್ತು ಸಾವಿರ ಸಾಲಿನ ಆಸುಪಾಸು. ಎಕ್ಸೆಲ್‌ಗೆ ಇದು ದೊಡ್ಡದಲ್ಲ, ಒಂದು ಹಾಳೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾಲು ಹಿಡಿಯುತ್ತದೆ.

ಮೊದಲು ಲೀಟರನ್ನು ಫ್ಯಾಟಿನಿಂದ ಗುಣಿಸಿದ ಒಂದು ಕಾಲಂ, ಎಸ್‌ಎನ್‌ಎಫ್‌ನಿಂದ ಗುಣಿಸಿದ ಇನ್ನೊಂದು ಕಾಲಂ ಸೇರಿಸಿದೆ. ಬೇರೆ ಹಾಳೆಯಲ್ಲಿ ಸದಸ್ಯರ ನಂಬರುಗಳ ಪಟ್ಟಿ ಮಾಡಿ, ಸಮ್‌ಇಫ್ಸ್ ಸೂತ್ರದಿಂದ ಪ್ರತಿ ಮನೆಯ ಬೆಳಗಿನ ಮತ್ತು ಸಂಜೆಯ ಮೊತ್ತಗಳನ್ನು ತೆಗೆದು ಲೀಟರಿನ ಮೊತ್ತದಿಂದ ಭಾಗಿಸಿದೆ. ಸರಾಸರಿಯ ತಪ್ಪು ಅಲ್ಲಿಗೆ ಸರಿಹೋಯಿತು. ತಿಂಗಳನ್ನು ಒಂದು ಮನೆಯಲ್ಲಿಟ್ಟು, ಡೇಟಾ ವ್ಯಾಲಿಡೇಶನ್ ಬಳಸಿ ಅದಕ್ಕೆ ಡ್ರಾಪ್‌ಡೌನ್ ಪಟ್ಟಿ ಕೊಟ್ಟೆ. ತಿಂಗಳು ಬದಲಿಸಿದರೆ ಸೂತ್ರಗಳೂ ಬದಲಾಗುತ್ತವೆ, ಚಾರ್ಟೂ ಬದಲಾಗುತ್ತದೆ. ಪಿವೋಟ್ ಚಾರ್ಟ್ ಇರುವಾಗ ಇಷ್ಟು ಸುತ್ತು ಯಾಕೆ ಎಂದು ಕೇಳಬಹುದು. ಪಿವೋಟ್ ಚಾರ್ಟಿನಲ್ಲಿ ಗುಳ್ಳೆ ಚಾರ್ಟ್ ಬರುವುದಿಲ್ಲ, ಅದಕ್ಕೆ.

ಆಮೇಲೆ ಇನ್ಸರ್ಟ್ ಮೆನುವಿನಿಂದ ಖಾಲಿ ಬಬಲ್ ಚಾರ್ಟ್ ತೆಗೆದುಕೊಂಡು, ಸೆಲೆಕ್ಟ್ ಡೇಟಾಗೆ ಹೋಗಿ ಕೈಯಾರೆ ಎರಡು ಸರಣಿ ಸೇರಿಸಿದೆ. ಇಡೀ ಕೋಷ್ಟಕವನ್ನು ಆಯ್ಕೆ ಮಾಡಿ ಚಾರ್ಟ್ ಒತ್ತಿದರೆ ಎಕ್ಸೆಲ್ ಯಾವ ಕಾಲಂ ಯಾವುದು ಎಂದು ತಾನೇ ಊಹಿಸಿ ಎಡವಟ್ಟು ಮಾಡುತ್ತದೆ. ಬೆಳಗಿನದು ಒಂದು ಸರಣಿ, ನೀಲಿ. ಸಂಜೆಯದು ಇನ್ನೊಂದು, ಕಿತ್ತಳೆ. ಎರಡಕ್ಕೂ ಅಡ್ಡಕ್ಕೆ ಫ್ಯಾಟ್, ನೇರಕ್ಕೆ ಎಸ್‌ಎನ್‌ಎಫ್, ಗುಳ್ಳೆಯ ಗಾತ್ರಕ್ಕೆ ಆ ಹೊತ್ತಿನ ಸರಾಸರಿ ಲೀಟರ್. ಅಲ್ಲಿಗೆ ತಿಂಗಳೂ ಸೇರಿ ಐದು ಆಯಾಮ ಆಯಿತು.

ಇಲ್ಲಿ ಕೆಲವು ಸಣ್ಣ ಸಂಗತಿಗಳು ದೊಡ್ಡ ವ್ಯತ್ಯಾಸ ಮಾಡುತ್ತವೆ.

ಗುಳ್ಳೆಯ ಗಾತ್ರ ವಿಸ್ತೀರ್ಣವನ್ನು ತೋರಿಸಬೇಕೋ ಅಗಲವನ್ನೋ ಎಂದು ಎಕ್ಸೆಲ್ ಕೇಳುತ್ತದೆ. ವಿಸ್ತೀರ್ಣವನ್ನೇ ಆರಿಸಿ. ಅಗಲ ಆರಿಸಿದರೆ ಎರಡು ಪಟ್ಟು ಹಾಲು ಕೊಡುವವರ ಗುಳ್ಳೆ ಕಣ್ಣಿಗೆ ನಾಲ್ಕು ಪಟ್ಟು ಕಾಣುತ್ತದೆ.

ಗುಳ್ಳೆಗಳು ಒಂದರ ಮೇಲೊಂದು ಕೂರುತ್ತವೆ. ಬಣ್ಣವನ್ನು ಅರ್ಧದಷ್ಟು ಪಾರದರ್ಶಕ ಮಾಡಿದರೆ ಅಡಿಯಲ್ಲಿರುವುದೂ ಕಾಣುತ್ತದೆ.

ಎರಡೂ ಅಕ್ಷಗಳ ಕನಿಷ್ಠ, ಗರಿಷ್ಠ ಅಂಕಿಗಳನ್ನು ಕೈಯಾರೆ ಕಟ್ಟಿಹಾಕಿ. ಇಲ್ಲವಾದರೆ ತಿಂಗಳು ಬದಲಿಸಿದಾಗ ಅಳತೆಗೋಲೇ ಓಡಾಡುತ್ತದೆ, ಗುಳ್ಳೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಇಲ್ಲಿ ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ. ಕಂಬದಂತೆ ಉದ್ದವಲ್ಲ, ಇಲ್ಲಿ ಜಾಗವೇ ಮಾತನಾಡುವುದು.

ನಮ್ಮ ಡೈರಿಯ ಗೋಡೆ ಮೇಲಿನ ಪಟ್ಟಿಯಲ್ಲಿ ಫ್ಯಾಟ್‌ಗೆ 3.5, ಎಸ್‌ಎನ್‌ಎಫ್‌ಗೆ 8.5 ಎಂಬ ಗುರುತಿದೆ. ಈ ಗೆರೆಗಳನ್ನು ಚಾರ್ಟಿನ ಮೇಲೆ ಎಳೆಯಲು ಹೋದರೆ, ಗುಳ್ಳೆ ಚಾರ್ಟಿನ ಜೊತೆ ಬೇರೆ ಬಗೆಯ ಚಾರ್ಟ್ ಸೇರಿಸಲು ಎಕ್ಸೆಲ್ ಒಪ್ಪುವುದಿಲ್ಲ. ಅದಕ್ಕೊಂದು ಸುಲಭದ ದಾರಿ ಇದೆ. ಅಕ್ಷಗಳೆರಡೂ ಆ ಅಂಕಿಗಳಲ್ಲೇ ಒಂದನ್ನೊಂದು ದಾಟುವಂತೆ ಮಾಡಿ, ಅಂಕಿಗಳ ಲೇಬಲ್ಲನ್ನು ‘ಲೋ’ ಎಂದು ಇಟ್ಟರಾಯಿತು. ಚಾರ್ಟ್ ತಾನಾಗಿ ನಾಲ್ಕು ಭಾಗವಾಗುತ್ತದೆ.

ಕೊನೆಯದು ನನಗೆ ಎರಡು ದಿನ ತಲೆ ತಿಂದಿದ್ದು. ಎಕ್ಸೆಲ್ ಗುಳ್ಳೆಗಳನ್ನು ಅಳೆಯುವುದು ಆ ಚಾರ್ಟಿನಲ್ಲಿರುವ ಅತಿ ದೊಡ್ಡ ಗುಳ್ಳೆಗೆ ಹೋಲಿಸಿ. ದೊಡ್ಡ ಗುಳ್ಳೆಯವರು ಒಂದು ತಿಂಗಳು ಹಾಲು ಕಡಿಮೆ ಹಾಕಿದರೆ ಉಳಿದವರೆಲ್ಲ ಸುಮ್ಮನೆ ದಪ್ಪಗಾಗಿಬಿಡುತ್ತಾರೆ. ಇದಕ್ಕೆ ಮೂಲೆಯಲ್ಲಿ ಯಾರಿಗೂ ಸೇರದ, ಎಲ್ಲರಿಗಿಂತ ದೊಡ್ಡದಾದ ಒಂದು ಬೂದು ಗುಳ್ಳೆ ಇಟ್ಟೆ. ಅದರ ಮೇಲೆ ‘20 ಲೀಟರ್’ ಎಂದು ಬರೆದೆ. ಅಳತೆಯೂ ನಿಂತಿತು, ನೋಡುವವರಿಗೆ ಹೋಲಿಕೆಗೂ ಸಿಕ್ಕಿತು.

ಎಕ್ಸೆಲ್ ಇಲ್ಲದವರು ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಅಥವಾ ಗೂಗಲ್ ಶೀಟ್ಸ್‌ನಲ್ಲೂ ಗುಳ್ಳೆ ಚಾರ್ಟ್ ಮಾಡಬಹುದು.

ಗುಳ್ಳೆಗಳು ಹೇಳಿದ್ದು

ಹತ್ತು ಲೀಟರ್ ಹಾಲಿಗೆ ಒಂದು ಲೀಟರ್ ನೀರು ಬೆರೆಸಿದರೆ ಏನಾಗುತ್ತದೆ? ಫ್ಯಾಟ್ 4.0 ಇದ್ದದ್ದು ಸುಮಾರು 3.6ಕ್ಕೆ ಇಳಿಯುತ್ತದೆ. ಎಸ್‌ಎನ್‌ಎಫ್ 8.5 ಇದ್ದದ್ದು ಸುಮಾರು 7.7ಕ್ಕೆ ಇಳಿಯುತ್ತದೆ. ಎರಡೂ ಒಟ್ಟಿಗೆ ಇಳಿಯುತ್ತವೆ. ಅಂದರೆ ಗುಳ್ಳೆ ಎಡಕ್ಕೆ ಸರಿಯುವುದಷ್ಟೇ ಅಲ್ಲ, ಕೆಳಕ್ಕೂ ಜಾರುತ್ತದೆ.

ದೊಡ್ಡವ್ವನ ಗುಳ್ಳೆ ಎಡಗಡೆ ಇತ್ತು, ನಿಜ. ಆದರೆ 8.5ರ ಗೆರೆಗಿಂತ ಮೇಲಿತ್ತು. ಆರು ತಿಂಗಳಲ್ಲಿ ಒಂದು ತಿಂಗಳೂ ಗೆರೆ ಬಿಟ್ಟು ಕೆಳಗಿಳಿದಿರಲಿಲ್ಲ. ನೀರು ಬೆರೆಸಿದ ಹಾಲಿನ ಲಕ್ಷಣ ಅದಲ್ಲ.

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಎಲ್ಲ ಮನೆಗೂ ಒಂದು ನೀಲಿ, ಒಂದು ಕಿತ್ತಳೆ ಗುಳ್ಳೆ ಇದ್ದರೆ ದೊಡ್ಡವ್ವನಿಗೆ ನೀಲಿ ಮಾತ್ರ ಇತ್ತು. ಸಂಜೆಯ ಹಾಲನ್ನು ಅವರು ಮೊಮ್ಮಕ್ಕಳಿಗೆಂದು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ರಾತ್ರಿಯ ಬಿಡುವು ಉದ್ದ ಇರುವುದರಿಂದ ಬೆಳಿಗ್ಗೆ ಹಾಲು ಹೆಚ್ಚು, ಫ್ಯಾಟ್ ಕಡಿಮೆ. ಸಂಜೆ ಹಾಲು ಕಡಿಮೆ, ಫ್ಯಾಟ್ ಹೆಚ್ಚು. ನನ್ನ ಮೊದಲ ಚಾರ್ಟಿನಲ್ಲಿ ಎಲ್ಲರ ಎರಡು ಹೊತ್ತಿನ ಸರಾಸರಿಯ ಪಕ್ಕ ದೊಡ್ಡವ್ವನ ಬರೀ ಬೆಳಗಿನ ಹಾಲನ್ನು ನಿಲ್ಲಿಸಿದ್ದೆ! ನೀಲಿ ಗುಳ್ಳೆಗಳನ್ನಷ್ಟೇ ನೋಡಿದರೆ ಅವರು ಗುಂಪಿನ ಎಡ ಅಂಚಿನಲ್ಲಿದ್ದರು, ಗುಂಪಿನ ಹೊರಗಲ್ಲ. ಉಳಿದ ಕೊಂಚ ವ್ಯತ್ಯಾಸಕ್ಕೆ ಪಶುವೈದ್ಯರು ಕಾರಣ ಊಹಿಸಿದರು: ‘ಕೊನೇ ಹಾಲು ಕರುಗೆ ಬಿಡ್ತಾರಾ ಕೇಳಿ. ಕೊಬ್ಬು ಹೆಚ್ಚು ಇರೋದೇ ಕೊನೇ ಹಾಲಲ್ಲಿ.’ ಹೌದು, ಬಿಡುತ್ತಿದ್ದರು.

ಆಮೇಲೆ ನಮ್ಮ ಮನೆಯ ಗುಳ್ಳೆ ಹುಡುಕಿದೆ. ಕೊನೆಯ ಎರಡು ತಿಂಗಳಲ್ಲಿ ಅದು ಎಡಕ್ಕೂ ಕೆಳಕ್ಕೂ ಜಾರಿತ್ತು. ಎದೆ ಧಸಕ್ಕೆಂದಿತು. ನೀರು ಬೆರೆಸಿದವರ ಮೂಲೆಯಲ್ಲಿ ನಮ್ಮನೆ! ಆದರೆ ಗುಳ್ಳೆ ಸಣ್ಣಗೂ ಆಗಿತ್ತು. ನೀರು ಹಾಕಿದ್ದರೆ ಲೀಟರ್ ಹೆಚ್ಚಬೇಕಲ್ಲ? ಡಾಕ್ಟರು ಬಂದು ಹಾಲು ಪರೀಕ್ಷೆ ಮಾಡಿ, ಹಸುವಿಗೆ ಹೊರಗೆ ಕಾಣದ ಕೆಚ್ಚಲು ಬಾವು ಇದೆ ಎಂದರು. ಕೆಚ್ಚಲು ಬಾವು ಬಂದರೆ ಹಾಲೂ ಇಳಿಯುತ್ತದೆ, ಹಾಲಿನ ಸತ್ವವೂ ಇಳಿಯುತ್ತದೆ. ಫ್ಯಾಟ್, ಎಸ್‌ಎನ್‌ಎಫ್, ಲೀಟರ್ ಈ ಮೂರನ್ನೂ ಒಟ್ಟಿಗೆ ನೋಡದಿದ್ದರೆ ಅದು ತಿಳಿಯುತ್ತಿರಲಿಲ್ಲ. ಒಂದೇ ಕಂಬದ ಚಾರ್ಟ್ ನಮ್ಮವ್ವನನ್ನೂ ಕಳ್ಳಿ ಮಾಡುತ್ತಿತ್ತು.

ಇನ್ನೊಂದು ಮನೆಯ ಗುಳ್ಳೆ ಎಡಕ್ಕೆ, ಕೆಳಕ್ಕೆ ಜಾರಿ ದೊಡ್ಡದೂ ಆಗಿತ್ತು. ಅದರ ನಂಬರನ್ನು ನಾನು ಸೆಕ್ರೆಟರಿ ಮಾವನಿಗೆ ಬಿಟ್ಟು ಬೇರೆಯವರಿಗೆ ಹೇಳಲಿಲ್ಲ. ಹೊಸದಾಗಿ ಕರು ಹಾಕಿದ ಹಸು ಹಾಲು ಹೆಚ್ಚು ಕೊಡಬಹುದು, ಮೇವು ಬದಲಾಗಿರಬಹುದು. ಎಲ್ಲಿ ವಿಚಾರಿಸಬೇಕು ಎಂದು ಚಾರ್ಟ್ ತೋರಿಸುತ್ತದೆ. ಏನಾಗಿದೆ ಎಂದು ವಿಚಾರಿಸಿದ ಮೇಲೆಯೇ ಗೊತ್ತಾಗುವುದು.

ಎಷ್ಟು ಆಯಾಮ ಸಾಕು?

ಆಯಾಮ ಹೆಚ್ಚಿಸುವ ರುಚಿ ಹತ್ತಿದರೆ ಬಿಡುವುದು ಕಷ್ಟ. ನಾನು ಹಸುವಿನ ತಳಿಗೊಂದು ಬಣ್ಣ, ಹಿಂಡಿಯ ಚೀಲಕ್ಕೊಂದು ಗುರುತು ಸೇರಿಸಲು ಹೋಗಿ ಚಾರ್ಟನ್ನು ಜಾತ್ರೆ ಮಾಡಿಬಿಟ್ಟಿದ್ದೆ. ಕಣ್ಣು ಸರಿಯಾಗಿ ಅಳೆಯುವ ಎರಡು ಅಕ್ಷಗಳಿಗೆ ಮುಖ್ಯವಾದ ಎರಡು ಸಂಗತಿ, ಅಂದಾಜು ಸಾಕೆನ್ನುವುದಕ್ಕೆ ಗಾತ್ರ, ಎರಡು ಮೂರು ಗುಂಪುಗಳಿಗೆ ಬಣ್ಣ, ಕಾಲಕ್ಕೆ ಡ್ರಾಪ್‌ಡೌನ್. ಇಷ್ಟು ಸಾಕು. ಕಾಗದದ ಮೇಲೆ ಕೊಡುವುದಾದರೆ ಒಂದೇ ಅಳತೆಯ ಆರು ಪುಟ್ಟ ಚಾರ್ಟುಗಳನ್ನು, ತಿಂಗಳಿಗೊಂದರಂತೆ, ಪಕ್ಕಪಕ್ಕ ಇಟ್ಟರಾಯಿತು. ಇನ್ನೂ ಬೇಕೆನಿಸಿದರೆ ಎರಡನೇ ಚಾರ್ಟ್ ಮಾಡುವುದೇ ಮೇಲು.

ಪ್ರಿಂಟ್ ತೆಗೆದುಕೊಂಡು ದೊಡ್ಡವ್ವನ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ತಪ್ಪಾಯಿತು ಎಂದೆ. ಅವರು ಮಾತಾಡಲಿಲ್ಲ. ಹಾಳೆ ಬಿಡಿಸಿ, ‘ದೊಡ್ಡವ್ವ, ಬಲಕ್ಕೆ ಹೋದಷ್ಟೂ ಬೆಣ್ಣೆ ಜಾಸ್ತಿ, ಮ್ಯಾಕ್ಕೆ ಹೋದಷ್ಟೂ ಹಾಲು ಗಟ್ಟಿ. ನೀರು ಹಾಕಿರೋ ಹಾಲು ಈ ಕೆಳಗಿನ ಮೂಲೆಗೆ ಬತ್ತದೆ. ನಿಮ್ದು ನೋಡಿ ಎಲ್ಲೈತೆ’ ಎಂದು ತೋರಿಸಿದೆ. ಕೈ ಒರೆಸಿಕೊಂಡು ಗುಳ್ಳೆಯ ಮೇಲೆ ಬೆರಳಿಟ್ಟರು.

‘ಇದು ನಂದಾ?’

‘ಹೂಂ.’

‘ಹಂಗಾರೆ ಅವತ್ತು ಎಲ್ಲರ ಮುಂದ್ಲೂ ತೋರಿಸ್ದಂಗೆ ಇದ್ನೂ ತೋರ್ಸು. ನಂಗೊಬ್ಳಿಗೇ ತೋರಿಸಿದ್ರೆ ಏನ್ ಬಂತು?’

ಮಾರನೇ ತಿಂಗಳು ಬಟವಾಡೆಯ ದಿನ ಡೈರಿಯ ಮುಂದೆ ಪರದೆ ಕಟ್ಟಿದೆವು. ಈ ಸಲ ಯಾರ ಹೆಸರೂ ಇರಲಿಲ್ಲ. ಪ್ರತಿಯೊಬ್ಬರಿಗೂ ಅವರವರ ನಂಬರು ಮಾತ್ರ ಚೀಟಿಯಲ್ಲಿ ಕೊಟ್ಟಿದ್ದೆ. ಇಬ್ಬರ ನಂಬರನ್ನು ಮಾತ್ರ ಅವರ ಒಪ್ಪಿಗೆ ಪಡೆದು ಎಲ್ಲರೆದುರು ಹೇಳಿದೆ: ದೊಡ್ಡವ್ವನದು, ನಮ್ಮವ್ವನದು. ಹೋದ ಸಲ ನನ್ನ ಲೆಕ್ಕ ಹೇಗೆ ತಪ್ಪಿತ್ತು ಎಂಬುದನ್ನೂ ಹೇಳಿದೆ. ಈ ಸಲ ಯಾರೂ ಶಿಳ್ಳೆ ಹೊಡೆಯಲಿಲ್ಲ. ತಮ್ಮ ತಮ್ಮ ಗುಳ್ಳೆ ಹುಡುಕುವುದರಲ್ಲೇ ಇದ್ದರು. ಮೂರು ಮನೆಯವರು ಸಭೆ ಮುಗಿದ ಮೇಲೆ ಬಂದು ಹಸುವಿನ ಕೆಚ್ಚಲು ತೋರಿಸಲು ಡಾಕ್ಟರು ಯಾವತ್ತು ಬರುತ್ತಾರೆ ಎಂದು ಕೇಳಿದರು.

ದೊಡ್ಡವ್ವನ ಕ್ಯಾನು ಈಗ ಮತ್ತೆ ಸಾಲಿನಲ್ಲಿದೆ. ಕೊನೇ ಹಾಲನ್ನೂ ಕರೆದುಕೊಂಡರೆ ಫ್ಯಾಟ್ ಏರುತ್ತದೆ, ನಾಲ್ಕು ಕಾಸು ಹೆಚ್ಚು ಬರುತ್ತದೆ ಎಂದು ಸೆಕ್ರೆಟರಿ ಮಾವ ಹೇಳಿ ನೋಡಿದರು.

‘ಕರ ಕುಡೀಲಿ ಬುಡಪ್ಪ’ ಅಂದರಂತೆ.